ಹಳ್ಳಿಗೆ ಬರುವುದಾದರೆ ಸೆಪ್ಟೆಂಬರಿನಲ್ಲಿ ಬನ್ನಿ

ನಿಮ್ಮ ಪತ್ರ ಓದಿದೆ. ಟೋಕಿಯೊಗೆ ಬಂದು ನಾಲ್ಕು ತಿಂಗಳಾಯಿತು, ನಿಶಿಕಸಾಯಿಯ ಒಂದು ಕೋಣೆಯ ಮನೆಯೂ ಬೆಳಗಿನ ರೈಲಿನ ನೂಕುನುಗ್ಗಲೂ ಸಾಕಾಗಿವೆ, ಊರಿನಿಂದಾಚೆ ಕುಳಿತು ಕೆಲಸ ಮಾಡಲು ಕಂಪನಿ ಎರಡು ತಿಂಗಳ ಮಟ್ಟಿಗೆ ಒಪ್ಪಿದೆ, ಆ ಎರಡು ತಿಂಗಳನ್ನು ಯಾವುದಾದರೂ ಹಳ್ಳಿಯಲ್ಲಿ ಅವಸರವಿಲ್ಲದೆ ಕಳೆಯಬೇಕು ಎಂದು ಬರೆದಿದ್ದೀರಿ. ಯಾವಾಗ ಹೋಗಲಿ, ಸಸ್ಯಾಹಾರಿಗೆ ಊಟ ಸಿಗುತ್ತದೆಯೇ, ಕಾರಿಲ್ಲದೆ ನಡೆಯುತ್ತದೆಯೇ, ಭಾಷೆ ಬಾರದವನನ್ನು ಹಳ್ಳಿಯವರು ಹತ್ತಿರ ಸೇರಿಸುತ್ತಾರೆಯೇ ಎಂದೂ ಕೇಳಿದ್ದೀರಿ. ಅಕ್ಕ ಎಂದು ಕರೆದಿರುವುದರಿಂದ ಸ್ವಲ್ಪ ಸಲಿಗೆ ತೆಗೆದುಕೊಂಡು, ಗೊತ್ತಿರುವಷ್ಟನ್ನು ನೇರವಾಗಿಯೇ ಬರೆಯುತ್ತೇನೆ.

ನಾನು ಸಾಗರದ ಕಡೆಯವಳು. ಯಜಮಾನರ ಕೆಲಸದ ನಿಮಿತ್ತ 2009ರಲ್ಲಿ ಟೋಕಿಯೊಗೆ ಬಂದೆವು. ಐದು ವರ್ಷದ ಮೇಲೆ ನಾಗಾನೊ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಈಯಾಮಾ ಪಟ್ಟಣದಿಂದಾಚೆ ಇಪ್ಪತ್ತೆರಡು ಮನೆಗಳ ಒಂದು ಕೇರಿಗೆ ಬಂದು ನೆಲೆಸಿದೆವು. ನಮ್ಮ ಗದ್ದೆಗಳ ಕೆಳಗೆ ಹರಿಯುವ ಚಿಕುಮಾ ನದಿ ನೀಗಾಟಾ ಪ್ರಾಂತ್ಯದ ಗಡಿ ದಾಟಿದ ಕೂಡಲೇ ಶಿನಾನೊ ಎಂದು ಹೆಸರು ಬದಲಿಸಿಕೊಳ್ಳುತ್ತದೆ. ಎರಡೂ ಹೆಸರು ಸೇರಿ 367 ಕಿಲೋಮೀಟರ್ ಉದ್ದದ ಈ ನದಿಯೇ ಜಪಾನಿನ ಅತ್ಯಂತ ಉದ್ದದ ನದಿ. ನಾನು ಹೇಳುವುದೆಲ್ಲ ಈ ಕಣಿವೆಯ ಮಾತು. ಶಿಕೊಕುವಿನ ಬೆಟ್ಟದೂರುಗಳಲ್ಲೋ ಕ್ಯೂಷುವಿನ ಕಡಲಂಚಿನಲ್ಲೋ ಇರುವವರು ಬೇರೆಯೇ ಹೇಳಬಹುದು.

ಮೊದಲು ನಿಮ್ಮ ಪತ್ರದ ‘ಅವಸರವಿಲ್ಲದೆ’ ಎಂಬ ಮಾತನ್ನೇ ಸ್ವಲ್ಪ ತಿದ್ದಬೇಕಾಗಿದೆ. ಇಲ್ಲಿ ಯಾರೂ ಓಡುವುದಿಲ್ಲ, ನಿಜ. ಆದರೆ ಯಾರೂ ಸುಮ್ಮನೆ ಕೂರುವುದೂ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬದುವಿನ ಹುಲ್ಲು ಸವರುವ ಯಂತ್ರದ ಸದ್ದು ಕೇಳಿಸುತ್ತದೆ. ಹತ್ತು ಗಂಟೆಗೆ ಚಹಾ, ಹನ್ನೆರಡಕ್ಕೆ ಊಟ, ಮೂರಕ್ಕೆ ಮತ್ತೆ ಚಹಾ, ಸಂಜೆ ಐದಕ್ಕೆ ಊರಿನ ಧ್ವನಿವರ್ಧಕದಲ್ಲಿ ಮಕ್ಕಳನ್ನು ಮನೆಗೆ ಕರೆಯುವ ರಾಗ. ಈ ಕೇರಿಯಲ್ಲಿ ಈಗ ಇರುವುದು ಮೂರೇ ಮಕ್ಕಳು, ಆದರೂ ರಾಗ ತಪ್ಪುವುದಿಲ್ಲ. ಎಂಬತ್ತು ದಾಟಿದ ಅಜ್ಜಿಯೂ ಈ ಗಂಟೆಗಳನ್ನು ಮೀರುವುದಿಲ್ಲ. ಇಲ್ಲಿನವರ ಬಾಯಲ್ಲಿ ‘ಜುಕು’ ಎಂಬ ಒಂದು ಪದವಿದೆ. ಶಿನ್‌ಶೂ ಎಂದು ಹಳೆಯ ಹೆಸರಿರುವ ಈ ನಾಗಾನೊ ಸೀಮೆಯ ಮಾತು ಅದು. ಮೈಗಳ್ಳತನ ಮಾಡದೆ ಒಂದು ಸಣ್ಣ ಕೆಲಸಕ್ಕೂ ಬೇಕಾದ ಶ್ರಮವನ್ನು ಬೇಸರಪಡದೆ ಹಾಕುವ ಗುಣಕ್ಕೆ ಜುಕು ಎನ್ನುತ್ತಾರೆ, ಅದಿಲ್ಲದವನು ‘ಜುಕುನಾಶಿ’. ಪೇಟೆಯಿಂದ ಬಂದವರು ಜಗುಲಿಯಲ್ಲಿ ಕುಳಿತು ಬೆಟ್ಟ ನೋಡುವುದನ್ನು ಇವರು ಎರಡು ದಿನ ಪ್ರೀತಿಯಿಂದ ನೋಡುತ್ತಾರೆ. ಮೂರನೆಯ ದಿನ ಈತನಿಗೆ ಮೈ ಸರಿಯಿಲ್ಲವೇನೋ ಎಂದು ಚಿಂತಿಸತೊಡಗುತ್ತಾರೆ.

ಇದು ನನಗೆ ತಿಳಿದದ್ದು ಒಂದು ಎಡವಟ್ಟಿನಿಂದ. ಇಲ್ಲಿ ‘ಕೈರಾನ್‌ಬಾನ್’ ಎಂಬ ಒಂದು ಹಲಗೆ ಮನೆಯಿಂದ ಮನೆಗೆ ತಿರುಗುತ್ತದೆ. ಊರಿನ ಸೂಚನೆಗಳನ್ನು ಅದಕ್ಕೆ ಸಿಕ್ಕಿಸಿರುತ್ತಾರೆ. ಓದಿ, ಮೊಹರು ಒತ್ತಿ ಮುಂದಿನ ಮನೆಗೆ ದಾಟಿಸಬೇಕು. ಬಂದ ಮೊದಲ ವರ್ಷ ಅದು ನಮ್ಮ ಬಾಗಿಲಿಗೆ ಬಂದಾಗ ಅಕ್ಷರ ಬಿಡಿಸಲಾರದೆ, ಯಜಮಾನರು ಬಂದ ಮೇಲೆ ನೋಡೋಣವೆಂದು ಚಪ್ಪಲಿ ಗೂಡಿನ ಮೇಲಿಟ್ಟು ಮರೆತೆ. ಐದು ದಿನ ಅದು ಅಲ್ಲೇ ಇತ್ತು. ಗದ್ದೆಗೆ ನೀರು ಬರುವ ಕಾಲುವೆಯ ಹೂಳೆತ್ತುವ ದಿನ ಯಾವುದೆಂದು ಅದರಲ್ಲಿ ಬರೆದಿತ್ತಂತೆ. ನಮ್ಮಿಂದ ಮುಂದಿನ ಏಳು ಮನೆಗಳಿಗೆ ಸುದ್ದಿ ತಲುಪಲಿಲ್ಲ, ಅರ್ಧ ಜನರೇ ಸೇರಿ ಕಾಲುವೆ ಬಳಿದು ಮುಗಿಸಿದರು. ಯಾರೂ ಒಂದು ಮಾತು ಆಡಲಿಲ್ಲ. ಮುಂದಿನ ಸಲ ಹಲಗೆ ಬಂದಾಗ ಮಾತ್ರ ಹಿಂದಿನ ಮನೆಯ ಅಜ್ಜಿ ಅದನ್ನು ಬಾಗಿಲಲ್ಲಿಟ್ಟು ಹೋಗಲಿಲ್ಲ. ಒಳಗೆ ಬಂದು ಹೊಸ್ತಿಲ ಮೇಲೆ ಕುಳಿತು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿ, ಕೆಲಸದ ದಿನವನ್ನು ನಮ್ಮ ಕ್ಯಾಲೆಂಡರಿನಲ್ಲಿ ತಾನೇ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಹೋದಳು. ಹತ್ತು ವರ್ಷ ದಾಟಿದೆ, ನನಗೀಗ ಓದಲು ಬರುತ್ತದೆ, ಆದರೂ ಅಜ್ಜಿ ಬಂದು ಓದುವುದು ನಿಂತಿಲ್ಲ. ಭಾಷೆಯ ಬಗ್ಗೆ ಕೇಳಿದ್ದೀರಲ್ಲ, ನನ್ನ ಉತ್ತರ ಇದೇ. ನೀವು ಮಾಡಬೇಕಾದ್ದು ಇಷ್ಟು: ಬಂದ ದಿನವೇ ಅಕ್ಕಪಕ್ಕದ ಮನೆಗಳಿಗೆ ಒಂದೊಂದು ಸಣ್ಣ ಪೊಟ್ಟಣ ಹಿಡಿದು ಹೋಗಿ, ಹೆಸರು ಹೇಳಿ, ತಲೆಬಾಗಿ ‘ಯೊರೊಶಿಕು ಒನೆಗಾಯ್ ಶಿಮಾಸ್’, ಅಂದರೆ ನಿಮ್ಮ ವಿಶ್ವಾಸವಿರಲಿ, ಎನ್ನುವುದು, ಆಮೇಲೆ ಊರೊಟ್ಟಿನ ಕೆಲಸ ಯಾವ ದಿನವಿದೆ ಎಂದು ಕೇಳಿ ಆ ದಿನ ಕೈಗವಸು ತೊಟ್ಟು ಹಾಜರಾಗುವುದು.

ಇನ್ನು ಕಾಲದ ವಿಷಯ. ಹಿಮದ ಚಿತ್ರಗಳನ್ನು ನೋಡಿ ಜನವರಿ-ಫೆಬ್ರವರಿಯಲ್ಲಿ ಬರುತ್ತೇನೆಂದು ಬರೆದಿದ್ದೀರಿ, ದಯವಿಟ್ಟು ಬೇಡ. ನಮ್ಮಿಂದ ಸ್ವಲ್ಪ ದೂರದ ಸಕಾಯೆ ಹಳ್ಳಿಯಲ್ಲಿ ಮೊರಿಮಿಯಾನೊಹಾರಾ ಎಂಬ ರೈಲು ನಿಲ್ದಾಣವಿದೆ. 1945ರ ಫೆಬ್ರವರಿ 12ರಂದು ಅಲ್ಲಿ 7.85 ಮೀಟರ್ ಹಿಮ ನಿಂತಿತ್ತು. ಆ ಎತ್ತರಕ್ಕೆ ಗುರುತಿನ ಕಂಬವೊಂದನ್ನು ನೆಟ್ಟಿದ್ದಾರೆ, ಕತ್ತೆತ್ತಿ ನೋಡಬೇಕು. ಈಗ ಅಷ್ಟು ಬೀಳುವುದಿಲ್ಲ, ಆದರೆ ಎರಡು ಮೀಟರ್ ನಿಂತರೆ ಇಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ. ಹಳೆಯ ಮರದ ಮನೆಯೊಳಗೆ ಕಾದಿರುವುದು ನೀವು ಕುಳಿತ ಕೋಣೆ ಮಾತ್ರ. ಬಚ್ಚಲಿಗೆ ಹೋಗುವುದೆಂದರೆ ಬೇರೊಂದು ದೇಶಕ್ಕೆ ಹೋದಂತೆ. 18 ಲೀಟರಿನ ಕೆಂಪು ಡಬ್ಬಿಯಲ್ಲಿ ಸೀಮೆಎಣ್ಣೆ ತಂದು ಸ್ಟವ್‌ಗೆ ತುಂಬುವುದು, ಮುಂಜಾನೆ ಎದ್ದು ಬಾಗಿಲಿನಿಂದ ರಸ್ತೆಯವರೆಗೆ ದಾರಿ ಬಿಡಿಸುವುದು, ಸೂರಿನ ಹಿಮ ಇಳಿಸುವುದು, ಇವುಗಳಲ್ಲೇ ದಿನ ಕಳೆಯುತ್ತದೆ. ಸೂರಿನಿಂದ ಬಿದ್ದು ಪ್ರತಿ ಚಳಿಗಾಲದಲ್ಲೂ ಜನ ಸಾಯುತ್ತಾರೆ, ಹೆಚ್ಚಿನವರು ಮುದುಕರು. ಮೊದಲ ಸಲ ಬಂದವರು ಉತ್ಸಾಹದಿಂದ ಏಣಿ ಹತ್ತುವುದನ್ನು ನಾನಂತೂ ಒಪ್ಪುವುದಿಲ್ಲ.

ಸೆಪ್ಟೆಂಬರಿನ ಎರಡನೆಯ ವಾರ ಬಂದು ನವೆಂಬರಿನ ಮಧ್ಯದಲ್ಲಿ ಹೊರಡಿ. ಆ ಎರಡು ತಿಂಗಳಲ್ಲಿ ಊರಿನ ಇಡೀ ವರ್ಷದ ದುಡಿಮೆ ಕೈಗೆ ಬರುತ್ತದೆ. ಹೆಚ್ಚಿನ ಗದ್ದೆಗಳನ್ನು ಈಗ ಯಂತ್ರವೇ ಕೊಯ್ದು ಒಕ್ಕುತ್ತದೆ. ಆದರೆ ಮನೆಯಲ್ಲಿ ಉಣ್ಣುವ ಅಕ್ಕಿಗೆಂದು ಒಂದು ಗದ್ದೆಯನ್ನು ಹಳೆಯ ಕ್ರಮದಲ್ಲೇ ಕೊಯ್ದು, ಸೂಡು ಕಟ್ಟಿ, ಅಡ್ಡಗಳದ ಮೇಲೆ ಕವಲು ಹಾಕಿ ಬಿಸಿಲಿಗೆ ಒಣಗಿಸುವ ಮನೆಗಳು ಇನ್ನೂ ಇವೆ. ಸೂಡನ್ನು ಸಮನಾಗಿ ಎರಡು ಪಾಲು ಮಾಡಬಾರದು. ಒಂದು ಪಾಲು ದಪ್ಪ, ಒಂದು ತೆಳು ಮಾಡಿ, ಒಮ್ಮೆ ದಪ್ಪನೆಯದು ಈಚೆಗೆ, ಮುಂದಿನದರಲ್ಲಿ ಆಚೆಗೆ ಬರುವಂತೆ ಒತ್ತಿ ಒತ್ತಿ ಹಾಕಬೇಕು. ಆಗ ಗಾಳಿಗೆ ಜಾರುವುದಿಲ್ಲ, ಗಳದ ಮೇಲೆ ಹೆಚ್ಚು ಸೂಡು ಹಿಡಿಸುತ್ತದೆ. ನಾನು ಮೊದಲ ದಿನ ಹಾಕಿದ ಒಂದು ಗಳದಷ್ಟನ್ನು ಗದ್ದೆಯ ಯಜಮಾನ ಏನೂ ಹೇಳದೆ ತೆಗೆದು ಮತ್ತೆ ಹಾಕಿದ. ಮರುದಿನ ಅರ್ಧವನ್ನು ತೆಗೆದ. ಮೂರನೆಯ ದಿನ ಮುಟ್ಟಲಿಲ್ಲ, ಮೂರು ಗಂಟೆಯ ಚಹಾಕ್ಕೆ ಕರೆದ. ನೀವು ಬಯಸುವ ನಿಧಾನ ನನಗೆ ಸಿಕ್ಕಿದ್ದು ಅಲ್ಲಿ. ಆ ದಿನ ಮಾಡಲು ಒಂದೇ ಕೆಲಸವಿತ್ತು, ಅದು ಮುಗಿಯುವವರೆಗೆ ಬೇರೊಂದು ಕೆಲಸವಿರಲಿಲ್ಲ.

ಅಕ್ಟೋಬರ್ ಕೊನೆಗೆ ಒಗರು ಜಾತಿಯ ಪರ್ಸಿಮನ್ ಹಣ್ಣುಗಳ ಸಿಪ್ಪೆ ಹೆರೆದು, ತೊಟ್ಟಿಗೆ ದಾರ ಕಟ್ಟಿ, ಸೂರಿನಡಿ ಸಾಲಾಗಿ ತೂಗುಹಾಕುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಒಗರು ಹೋಗಿ ಬೆಲ್ಲದಂತಾಗುತ್ತವೆ. ನವೆಂಬರಿನಲ್ಲಿ ನೊಜಾವಾನಾ ಸೊಪ್ಪಿನ ಕಾಲ. ಸೊಂಟದೆತ್ತರ ಬೆಳೆಯುವ, ಟರ್ನಿಪ್ ಜಾತಿಯ ಈ ಸೊಪ್ಪನ್ನು ತಣ್ಣೀರಿನಲ್ಲಿ ತೊಳೆದು, ದೊಡ್ಡ ತೊಟ್ಟಿಯಲ್ಲಿ ಉಪ್ಪು ಹಾಕಿ ಕಲ್ಲು ಹೇರುತ್ತಾರೆ. ಚಳಿಗಾಲವಿಡೀ ಹತ್ತರ ಚಹಾಕ್ಕೂ ಮೂರರ ಚಹಾಕ್ಕೂ ತಟ್ಟೆಯಲ್ಲಿ ಬರುವುದು ಇದೇ. ಲೋಟ ಖಾಲಿಯಾದರೆ ಮತ್ತೆ ತುಂಬುತ್ತಾರೆ, ಸಾಕಾದರೆ ಲೋಟವನ್ನು ಅಂಗೈಯಿಂದ ಮುಚ್ಚಬೇಕು. ನನಗಿದು ತಿಳಿಯದೆ ಒಂದು ಮಧ್ಯಾಹ್ನ ಒಂಬತ್ತು ಲೋಟ ಕುಡಿದಿದ್ದೇನೆ.

ಸಸ್ಯಾಹಾರದ ವಿಷಯದಲ್ಲಿ ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಮಾಂಸ ಬೇಡ ಎಂದರೆ ಇಲ್ಲಿ ಮೀನು ಬರುತ್ತದೆ; ಮೀನೂ ಬೇಡ ಎಂದರೆ ಮೀನಿನ ತುಂಡಿಲ್ಲದ, ಆದರೆ ಒಣಮೀನು ಕುದಿಸಿದ ‘ದಾಶಿ’ ಎಂಬ ಕಟ್ಟಿನಲ್ಲಿ ಬೇಯಿಸಿದ ತರಕಾರಿ ಬರುತ್ತದೆ. ಬಕ್‌ವೀಟ್ ಹಿಟ್ಟಿನ ಶಾವಿಗೆಯಾದ ಸೋಬಾ ಜೊತೆಗಿನ ಸಾರಿನಲ್ಲೂ ಅದು ಇರುತ್ತದೆ. ಕೆಲವು ಮನೆಗಳಲ್ಲಿ ನೊಜಾವಾನಾ ಉಪ್ಪಿನಕಾಯಿಗೂ ಒಣಮೀನು ಸೇರಿಸುತ್ತಾರೆ, ಕೇಳಿಯೇ ತಿನ್ನಿ. ಆದ್ದರಿಂದ ಸ್ವಂತ ಅಡುಗೆಮನೆ ಇರುವ ಬಿಡಾರವನ್ನೇ ಹಿಡಿಯಿರಿ. ಅಕ್ಕಿ, ತೋಫು, ಕುಂಬಳ, ಬದನೆ, ಸೌತೆ ಕೊರತೆಯಾಗದು. ಇಲ್ಲಿನ ಓಯಾಕಿ ಎಂಬುದು ಗೋಧಿ ಅಥವಾ ಬಕ್‌ವೀಟ್ ಹಿಟ್ಟಿನ ಕಣಕದೊಳಗೆ ಸೊಪ್ಪಿನ ಪಲ್ಯವನ್ನೋ ಸಿಹಿ ಕೆಂಪು ಕಾಳಿನ ಹೂರಣವನ್ನೋ ತುಂಬಿ ಬೇಯಿಸಿದ ಕಡುಬು. ಅದನ್ನು ತಿಂದಾಗ ನಮ್ಮವರ ನೆನಪಾಗದಿರದು. ವಸಂತದಲ್ಲಿ ಬಂದಿದ್ದರೆ ಕಳಲೆಯೂ ಸಿಗುತ್ತಿತ್ತು. ನಮ್ಮ ಕಡೆ ಮೂರು ದಿನ ನೀರು ಬದಲಿಸಿ ಅದರ ನಂಜು ತೆಗೆಯುತ್ತಾರೆ, ಇವರು ಅಕ್ಕಿ ತೌಡು ಹಾಕಿ ಬೇಯಿಸುತ್ತಾರೆ. ಜೂನಿನಲ್ಲಿ ಊಮೆ ಎಂಬ ಹುಳಿ ಕಾಯಿಯನ್ನು ಉಪ್ಪಿನಲ್ಲಿ ಹೂಳಿ, ಮಳೆ ಮುಗಿದ ಮೇಲೆ ಮೂರು ಹಗಲು ಬಿಸಿಲಿಗೆ ಹರವುವುದನ್ನು ಮೊದಲ ಸಲ ನೋಡಿದಾಗ, ಭರಣಿಯಲ್ಲಿ ಅಪ್ಪೆಮಿಡಿ ಚಿರುಟುವುದನ್ನು ಕಾಯುತ್ತಿದ್ದ ನಮ್ಮ ಅಮ್ಮ ಇಲ್ಲಿದ್ದಿದ್ದರೆ ಈ ಹೆಂಗಸರೊಂದಿಗೆ ಭಾಷೆಯೇ ಇಲ್ಲದೆ ಹೊಂದಿಕೊಳ್ಳುತ್ತಿದ್ದಳು ಅನ್ನಿಸಿತು.

ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಲ್ಲಿ ನಾಲ್ಕು ಬದನೆಯೋ ಒಂದು ಕುಂಬಳವೋ ಇರುತ್ತದೆ, ಇಟ್ಟವರ ಹೆಸರಿರುವುದಿಲ್ಲ. ತಮಗೆ ಬಂದುದರಲ್ಲಿ ಒಂದು ಪಾಲನ್ನು ಹಂಚುವ ಈ ಕ್ರಮಕ್ಕೆ ‘ಒಸುಸೊವಾಕೆ’ ಎನ್ನುತ್ತಾರೆ. ಯಾರ ಬದನೆ ಎಂದು ಪತ್ತೆ ಹಚ್ಚುವುದು ನಿಮ್ಮ ಹೊಣೆ. ಒಂದು ತಿಂಗಳಲ್ಲಿ ಯಾರ ಹಿತ್ತಿಲಲ್ಲಿ ಯಾವ ಜಾತಿ ಇದೆ ಎಂದು ತಾನಾಗಿ ತಿಳಿಯುತ್ತದೆ. ಡಬ್ಬಿಯಲ್ಲಿ ಬಂದರೆ ಆ ಡಬ್ಬಿಯನ್ನು ಖಾಲಿ ಮರಳಿಸುವಂತಿಲ್ಲ. ನಮ್ಮ ಊರಿನಲ್ಲೂ ಹಾಗೆಯೇ ಅಲ್ಲವೇ, ಕೊನೆಗೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕಳಿಸುತ್ತಿದ್ದರು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಟೋಕಿಯೊದಿಂದ ಈಯಾಮಾಕ್ಕೆ ಶಿಂಕಾನ್ಸೆನ್ ರೈಲಿನಲ್ಲಿ ಎರಡು ಗಂಟೆಯೂ ಬೇಡ. ಆ ನಿಲ್ದಾಣ ತೆರೆದದ್ದು 2015ರ ಮಾರ್ಚ್‌ನಲ್ಲಿ. ಅಲ್ಲಿಂದ ಮುಂದಿನ ಈಯಾಮಾ ಮಾರ್ಗದ ಡೀಸೆಲ್ ರೈಲು ಒಂದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು, ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿಕೊಳ್ಳಿ. ಊರಿನಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತಂದಿದ್ದರೆ ದೇಶಕ್ಕೆ ಬಂದಿಳಿದ ದಿನದಿಂದ ಒಂದು ವರ್ಷ, ಅದೂ ಪರವಾನಗಿಯ ಅವಧಿ ಮುಗಿಯದಿದ್ದರೆ, ಇಲ್ಲಿ ಓಡಿಸಬಹುದು. 660 ಸಿಸಿಯ ಚಿಕ್ಕ ಕಾರೊಂದನ್ನು ಬಾಡಿಗೆಗೆ ಹಿಡಿದರೆ ಸಾಕು. ವಸತಿಗೆ ಎರಡು ದಾರಿ: ರೈತರ ಮನೆಯ ಅತಿಥಿಗೃಹಗಳು ಒಂದು, ಹಳ್ಳಿಯಲ್ಲಿ ನೆಲೆಸಬಯಸುವವರು ಮೊದಲು ಇದ್ದು ನೋಡಲೆಂದು ಕೆಲವು ಊರುಗಳ ಆಡಳಿತವೇ ಅಗ್ಗದ ಬಾಡಿಗೆಗೆ ಕೊಡುವ ಮನೆಗಳು ಇನ್ನೊಂದು. ಅಂತರ್ಜಾಲದ ವೇಗವನ್ನು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ಖಾಲಿ ಮನೆ ಅಗ್ಗಕ್ಕೆ ಸಿಗುತ್ತದೆ ಎಂದು ಕೊಳ್ಳುವ ಆಸೆ ಮಾತ್ರ ಈಗ ಬೇಡ. 2023ರ ಸರ್ಕಾರಿ ಸಮೀಕ್ಷೆಯಂತೆ ಈ ದೇಶದಲ್ಲಿ ಸುಮಾರು 90 ಲಕ್ಷ ಮನೆಗಳು, ಅಂದರೆ ನೂರಕ್ಕೆ 13.8ರಷ್ಟು, ಖಾಲಿ ಬಿದ್ದಿವೆ. ಅವು ಅಗ್ಗವಾಗಿರುವುದಕ್ಕೆ ಸೂರಿನ ಮೇಲೆ ನಿಲ್ಲುವ ಹಿಮವೂ ಒಂದು ಕಾರಣ. ಗದ್ದೆಯಲ್ಲಿ ನೆರೆಯವರಿಗೆ ಕೈಜೋಡಿಸುವುದು ಸರಿ, ಕೂಲಿ ಪಡೆಯಬೇಡಿ. ನಿಮ್ಮ ವೀಸಾದಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು.

ಕರಡಿಯನ್ನು ತಮಾಷೆ ಎಂದುಕೊಳ್ಳಬೇಡಿ. 2025ರಲ್ಲಿ ಕರಡಿ ದಾಳಿಯಿಂದ ಸತ್ತವರ ಸಂಖ್ಯೆ ಜಪಾನಿನಲ್ಲಿ ಹಿಂದೆಂದಿಗಿಂತ ಹೆಚ್ಚಾಯಿತು. ಬಿದ್ದ ಪರ್ಸಿಮನ್ ಹಣ್ಣಿನ ವಾಸನೆಗೆ ಅವು ಹಿತ್ತಿಲವರೆಗೂ ಬರುತ್ತವೆ. ಮುಂಜಾನೆ, ಮುಸ್ಸಂಜೆ ಒಬ್ಬರೇ ನಡೆಯಬೇಡಿ, ಚೀಲಕ್ಕೆ ಗಂಟೆ ಕಟ್ಟಿಕೊಳ್ಳಿ. ಅಣಬೆಯನ್ನಂತೂ ಸ್ವಂತ ಬುದ್ಧಿಯಿಂದ ಕೀಳಲೇಬೇಡಿ. ಬಿಡುವಿದ್ದ ಸಂಜೆ ನೊಜಾವಾ ಒನ್ಸೆನ್ ಹಳ್ಳಿಗೆ ಹೋಗಿ. ಅಲ್ಲಿ ಊರಿನವರೇ ಗುಂಪು ಮಾಡಿಕೊಂಡು ತೊಳೆದು ನೋಡಿಕೊಳ್ಳುವ ಹದಿಮೂರು ಬಿಸಿನೀರಿನ ಸ್ನಾನದ ಮನೆಗಳಿವೆ. ಶುಲ್ಕವಿಲ್ಲ, ಬಾಗಿಲಲ್ಲಿ ಕಾಣಿಕೆ ಡಬ್ಬಿ ಇರುತ್ತದೆ. ನೀರು ಸುಡುತ್ತದೆ, ಮೊದಲು ಕಾಲು ಇಳಿಬಿಟ್ಟು ನೋಡಿ.

ದಿನ ಗೊತ್ತಾದ ಮೇಲೆ ತಿಳಿಸಿ, ಈಯಾಮಾ ನಿಲ್ದಾಣಕ್ಕೆ ನಾನೇ ಬರುತ್ತೇನೆ. ನಿಶಿಕಸಾಯಿಯ ಅಂಗಡಿಯಿಂದ ಎರಡು ಕಿಲೋ ಕಡಲೆಬೇಳೆಯನ್ನೂ ಒಂದಷ್ಟು ಏಲಕ್ಕಿಯನ್ನೂ ತನ್ನಿ. ಹಲಗೆ ಓದಿ ಹೇಳುವ ಅಜ್ಜಿಯ ಒಂದು ಡಬ್ಬಿ ಮೂರು ವಾರದಿಂದ ನಮ್ಮ ಮನೆಯಲ್ಲೇ ಇದೆ. ಕಳೆದ ಸಲ ಹೋಳಿಗೆ ಹಾಕಿ ಕಳಿಸಿದ್ದಕ್ಕೆ, ಇದು ಓಯಾಕಿಯೇ, ಲಟ್ಟಿಸಿದವರು ಸ್ವಲ್ಪ ಜೋರಾಗಿ ಒತ್ತಿಬಿಟ್ಟಿದ್ದಾರೆ ಎಂದಿದ್ದಳು.