ಬೆಂಗಳೂರಿನಲ್ಲಿ ಗುರಿ ಅಭ್ಯಾಸಕ್ಕೆಂದು ಮೊದಲ ಏರ್‌ಗನ್ ಕೊಳ್ಳುವಾಗ ಯಾವುದಕ್ಕೆ ಹೆಚ್ಚು ಮಹತ್ವ ಕೊಡಬೇಕು?

ಬಹುತೇಕರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಗುಂಡಿನ ವೇಗವನ್ನು. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದುದು ಬಂದೂಕು ನಿಮ್ಮ ಮೈಯಳತೆಗೆ ಹೊಂದುತ್ತದೆಯೇ ಎಂಬುದನ್ನು. ಖಾಲಿ ಬಂದೂಕನ್ನು ಭುಜಕ್ಕೆ ಆನಿಸಿ, ಕಣ್ಣು ಮುಚ್ಚಿಕೊಂಡು ಕೆನ್ನೆಯನ್ನು ಮರದ ಭಾಗಕ್ಕೆ ಒರಗಿಸಿ, ಬಳಿಕ ಕಣ್ಣು ತೆರೆಯಿರಿ. ಕತ್ತು ಹೊರಳಿಸದೆಯೇ ನೋಟವು ಗುರಿಕಿಂಡಿಗೆ ನೇರವಾಗಿದ್ದು, ಬೆರಳ ತುದಿ ಸಲೀಸಾಗಿ ಟ್ರಿಗರ್ ಮುಟ್ಟಿದರೆ ಅದು ನಿಮ್ಮ ಅಳತೆಯದು.

ಅನಂತರದ್ದು ಗಾಳಿಯೊತ್ತಡದ ಮೂಲ. ಸ್ಪ್ರಿಂಗ್ ಬಂದೂಕು ಅಗ್ಗ, ಸಿಲಿಂಡರಿನ ಗೊಡವೆಯೂ ಇಲ್ಲ. ಆದರೆ ಗುಂಡು ನಳಿಕೆಯನ್ನು ಬಿಡುವ ಮೊದಲೇ ಒಳಗಿನ ಪಿಸ್ಟನ್ ಮುನ್ನುಗ್ಗಿ ಬಂದೂಕನ್ನು ಕದಲಿಸುವುದರಿಂದ, ಪ್ರತಿ ಬಾರಿಯೂ ಅದನ್ನು ಒಂದೇ ರೀತಿಯಲ್ಲಿ, ಬಿಗಿಮಾಡದೆ ಹಿಡಿಯಲು ಕಲಿಯಬೇಕಾಗುತ್ತದೆ. ಮೊದಲೇ ಗಾಳಿ ತುಂಬಿಸಿಡುವ ಪಿಸಿಪಿ ಮಾದರಿ ದುಬಾರಿಯಾದರೂ ಅಷ್ಟಾಗಿ ಅಲುಗುವುದಿಲ್ಲ. 10 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಕೇವಲ 0.5 ಮಿಲಿಮೀಟರ್ ಅಗಲವಿರುವುದರಿಂದ ಸ್ಪರ್ಧಿಗಳಿಗೆ ಇದು ಸಣ್ಣ ಸಂಗತಿಯಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ವ್ಯಾಸ 4.5 ಮಿಲಿಮೀಟರನ್ನೂ ಶಕ್ತಿ 20 ಜೌಲನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಖರೀದಿಯ ರಸೀದಿಯನ್ನು ಮಾತ್ರ ಜೋಪಾನವಾಗಿಡಿ.

ಮೂವತ್ತು-ನಲವತ್ತರ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿರುವ ನಮ್ಮ ಊರಿನಲ್ಲಿ ತಾರಸಿಯ ಅಭ್ಯಾಸ ಖಂಡಿತ ಸಲ್ಲದು. ಆದ್ದರಿಂದ ತರಬೇತಿ ಕೇಂದ್ರವೊಂದರಲ್ಲಿ ಎರಡೂ ಬಗೆಯ ಬಂದೂಕುಗಳಿಂದ ಐವತ್ತು ಗುಂಡುಗಳನ್ನಾದರೂ ಹಾರಿಸಿ ನೋಡಿದ ಮೇಲೆಯೇ ಹಣ ಕೊಡಿ.