ಮಗಳ ಆಪ್ಷನ್ ಪಟ್ಟಿಗೆ ಗುಟ್ಟಾಗಿ ಕೈಹಾಕಲೇ?

ಪ್ರಶ್ನೆ: ನಾನು ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕ. ಮಗಳಿಗೆ ಈ ಸಲ ಸಿಇಟಿಯಲ್ಲಿ 18,000ದ ಆಸುಪಾಸಿನ ಎಂಜಿನಿಯರಿಂಗ್ ರ‍್ಯಾಂಕ್ ಬಂದಿದೆ. ನಾವು ಹಿಂದುಳಿದ ವರ್ಗಗಳ ಮೀಸಲಾತಿಯ 2ಎ ವರ್ಗದವರು. 1ರಿಂದ 10ನೇ ತರಗತಿಯವರೆಗೆ ಅವಳು ಓದಿದ್ದು ನಮ್ಮೂರಿನ ಕನ್ನಡ ಶಾಲೆಯಲ್ಲಿ. ಬೇಕಾದ ಕಾಲೇಜು, ಶಾಖೆಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಅವಳು ಬರೆದಿರುವುದು ಒಂಬತ್ತೇ ಒಂಬತ್ತು; ಎಲ್ಲವೂ ಬೆಂಗಳೂರಿನ ಹೆಸರಾಂತ ಕಾಲೇಜುಗಳು, ಎಲ್ಲವೂ ಕಂಪ್ಯೂಟರ್ ಸೈನ್ಸ್ ಅಥವಾ ಅದರ ದಾಯಾದಿ ಶಾಖೆಗಳು. ಹಾಸನದ್ದೋ ತುಮಕೂರಿನದೋ ಸೇರಿಸು ಎಂದರೆ, ‘ಕೆಳಗಿನದು ಬರೆದರೆ ಅದನ್ನೇ ಕೊಟ್ಟುಬಿಡುತ್ತಾರೆ, ನಿಮಗೆ ನನ್ನ ಮೇಲೆ ನಂಬಿಕೆಯೇ ಇಲ್ಲ’ ಎಂದು ಅಳುತ್ತಾಳೆ. ಸಾಮಾನ್ಯ ವರ್ಗದ ಕಟಾಫ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ನೋಡಿದ ನನಗೆ ಒಂಬತ್ತರಲ್ಲಿ ಒಂದೂ ದಕ್ಕುವಂತೆ ಕಾಣುತ್ತಿಲ್ಲ. ಲಾಗಿನ್ ವಿವರ ನನ್ನಲ್ಲಿದೆ, ಒಟಿಪಿ ಬರುವುದೂ ನನ್ನ ಮೊಬೈಲಿಗೇ. ಕೊನೆಯ ರಾತ್ರಿ ನಾಲ್ಕು ಸೇಫ್ ಕಾಲೇಜು ಸೇರಿಸಿಬಿಡಿ ಎನ್ನುತ್ತಾಳೆ ಹೆಂಡತಿ. ಈಗಲೇ ಮುಂಗಡ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಹಿಡಿಯಿರಿ ಎನ್ನುತ್ತಾನೆ ಭಾವಮೈದ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಗುಟ್ಟಾಗಿ ಸೇರಿಸಬೇಡಿ. ಪಟ್ಟಿ ಉದ್ದವಾಗಬೇಕೆಂಬ ನಿಮ್ಮ ಹಂಬಲ ಸರಿಯಾದದ್ದೇ. ಆದರೆ ಅವಳು ಬರೆಯದ ಕಾಲೇಜಿನಲ್ಲಿ ಸೀಟು ಹಂಚಿಕೆಯಾದ ದಿನ ನಿಮ್ಮ ಮನೆಯಲ್ಲಿ ಏನಾಗುತ್ತದೆಂದು ಒಮ್ಮೆ ಊಹಿಸಿ. ಆ ಸೀಟನ್ನು ಒಪ್ಪುವ, ಬಿಡುವ ಮಾತು ಅಲ್ಲಿಂದ ಮುಂದೆಯೂ ಅವಳದೇ, ನಾಲ್ಕು ವರ್ಷ ಆ ತರಗತಿಯಲ್ಲಿ ಕೂರಬೇಕಾದವಳೂ ಅವಳೇ. ಸೀಟು ಸಿಕ್ಕರೆ ಮನಸ್ಸಿನಿಂದ ಹೋಗಿ ಸೇರಲು ವಿದ್ಯಾರ್ಥಿ ಸಿದ್ಧವಿರುವ ಕಾಲೇಜನ್ನು ಮಾತ್ರ ಸೇಫ್ ಎನ್ನಬಹುದು. ಅವಳಿಗೆ ಬೇಡವಾದದ್ದು ಎಷ್ಟು ಸುಲಭವಾಗಿ ಸಿಕ್ಕರೂ ನಿಮ್ಮ ಆತಂಕಕ್ಕೆ ಮದ್ದಾದೀತೇ ಹೊರತು ಅವಳಿಗೆ ಆಸರೆಯಾಗಲಾರದು.

ಈಗ ಅವಳ ಭಯದ ಮಾತು. ‘ಕೆಳಗಿನದು ಬರೆದರೆ ಅದನ್ನೇ ಕೊಡುತ್ತಾರೆ’ ಎಂಬ ನಂಬಿಕೆ ಪ್ರತಿವರ್ಷ ಸಾವಿರಾರು ಮನೆಗಳಲ್ಲಿ ಜಗಳ ಹಚ್ಚುತ್ತದೆ, ಮತ್ತು ಅದು ತಪ್ಪು. ರ‍್ಯಾಂಕಿನ ಸರದಿಯಲ್ಲಿ ಅವಳ ಪಾಳಿ ಬಂದಾಗ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ಅವಳ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲ ಆಯ್ಕೆಯಲ್ಲಿ ಅವಳಿಗೆ ಸಲ್ಲುವ ಸೀಟು ಉಳಿದಿದ್ದರೆ ಅಲ್ಲಿಗೇ ನಿಲ್ಲುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ಹತ್ತನೆಯ ಸಾಲನ್ನು ಅದು ನೋಡುವುದು ಮೇಲಿನ ಒಂಬತ್ತೂ ಕೈತಪ್ಪಿದ ಮೇಲೆಯೇ. ಹಾಗಾಗಿ ಕೆಳಗೆ ಐವತ್ತು ಸಾಲು ಬರೆದರೂ ಮೇಲಿನ ಒಂಬತ್ತರ ಸಾಧ್ಯತೆ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ, ಎಷ್ಟು ಆಯ್ಕೆ ಬರೆಯಬೇಕೆಂಬ ಮಿತಿಯೂ ಇಲ್ಲ. ಮೇಷ್ಟ್ರಾದ ನಿಮಗೆ ಕರಿಹಲಗೆಯ ಮುಂದೆ ಇದು ಐದು ನಿಮಿಷದ ಪಾಠ. ಸ್ವಂತ ಮಗಳ ಮುಂದೆ ಮೇಷ್ಟ್ರಾಗುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.

ಆದರೂ ಅವಳ ಭಯದಲ್ಲಿ ಒಂದು ಎಳೆ ನಿಜವಿದೆ, ಅದು ಅನುಕ್ರಮಕ್ಕೆ ಸಂಬಂಧಿಸಿದ್ದು. ಒಂದು ಸುತ್ತಿನಲ್ಲಿ ಸೀಟು ಹಂಚಿಕೆಯಾದರೆ ಅದಕ್ಕಿಂತ ಕೆಳಗಿನ ಆಯ್ಕೆಗಳು ಅಲ್ಲಿಗೇ ಅಳಿದುಹೋಗುತ್ತವೆ, ಮುಂದಿನ ಸುತ್ತಿಗೆ ಉಳಿಯುವುದು ಮೇಲಿನವು ಮಾತ್ರ. ಎಷ್ಟೋ ತಂದೆತಾಯಂದಿರು ‘ಇದು ಹೇಗೂ ಸಿಗುತ್ತದೆ’ ಎಂದು ಸುಲಭದ ಕಾಲೇಜನ್ನು ಮೂರನೆಯ ಸಾಲಿಗೆ ಏರಿಸಿ, ಅದರ ಕೆಳಗಿದ್ದ ಒಳ್ಳೆಯದನ್ನು ತಾವೇ ಕಳೆದುಕೊಳ್ಳುತ್ತಾರೆ. ಪಟ್ಟಿಯ ಅನುಕ್ರಮವನ್ನು ನಿರ್ಧರಿಸಬೇಕಾದದ್ದು ಆಸೆಯೇ, ಸಿಗುವ ಸಾಧ್ಯತೆಯಲ್ಲ. ಸಾಧ್ಯತೆಯ ಲೆಕ್ಕ ಬೇಕಾಗುವುದು ಪಟ್ಟಿಯನ್ನು ಎಲ್ಲಿಯವರೆಗೆ ಇಳಿಸಬೇಕು ಎಂಬುದಕ್ಕೆ ಮಾತ್ರ.

ಆ ಲೆಕ್ಕದಲ್ಲಿ ನೀವು ಎಡವಿದ್ದೀರಿ. ಆರ್.ವಿ. ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸಾಮಾನ್ಯ ವರ್ಗದಲ್ಲಿ ಮೊದಲ ಸಾವಿರ ರ‍್ಯಾಂಕಿನೊಳಗೇ ಮುಗಿಯುತ್ತದೆ ಎಂಬುದು ನಿಜ, ಅಂಥ ಹೆಸರುಗಳು ಮೇಲೆ ಆಸೆಗೆಂದು ಇದ್ದರೆ ಇರಲಿ. ಆದರೆ ನಿಮ್ಮ ಮಗಳು ಸಾಮಾನ್ಯ ವರ್ಗದ ಸಾಲಿನಲ್ಲಷ್ಟೇ ನಿಲ್ಲುವವಳಲ್ಲ. 2ಎ ವರ್ಗದ ಸೀಟುಗಳಿಗೂ, ಆ ವರ್ಗದೊಳಗಿನ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಿನ ಸೀಟುಗಳಿಗೂ ಅವಳು ಅರ್ಹಳು. ಅರ್ಜಿಯಲ್ಲಿ ಅದನ್ನು ಕೋರಿ ಪ್ರಮಾಣಪತ್ರಗಳ ಪರಿಶೀಲನೆ ಮುಗಿದಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಪ್ರಾಧಿಕಾರ ಪ್ರಕಟಿಸುವ ಕಟಾಫ್ ಪಟ್ಟಿಯಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಕಂಬಸಾಲುಗಳಿವೆ. ಅವುಗಳ ಮೇಲೆ ಕಣ್ಣಾಡಿಸಿದರೆ, ನೀವು ಅಸಾಧ್ಯವೆಂದು ತಳ್ಳಿಹಾಕಿದ ಒಂಬತ್ತರಲ್ಲಿ ಒಂದೆರಡಾದರೂ ಅವಳ ರ‍್ಯಾಂಕಿಗೆ ಹತ್ತಿರದವೆಂದು ಕಂಡರೆ ನನಗೆ ಆಶ್ಚರ್ಯವಾಗದು.

ಹಾಗೆಂದು ಆ ಕಂಬಸಾಲುಗಳನ್ನು ಪೂರ್ತಿ ನಂಬುವಂತೆಯೂ ಇಲ್ಲ. ಒಂದು ಶಾಖೆಯಲ್ಲಿ ಸಿಇಟಿಗೆ 60 ಸೀಟು ಬಂದವೆನ್ನಿ: 2ಎ ವರ್ಗದ ಶೇ 15 ಎಂದರೆ 9 ಸೀಟು, ಅದರಲ್ಲಿ ಗ್ರಾಮೀಣ ಮೀಸಲು ಶೇ 15, ಎಂದರೆ ಸುಮಾರು ಒಂದು ಸೀಟು, ಕನ್ನಡ ಮಾಧ್ಯಮದ ಶೇ 5 ಎಂದರೆ ಅರ್ಧ ಸೀಟೂ ಅಲ್ಲ, ಹೀಗಾಗಿ ಒಂದು ಕಡೆ ಒಂದು ಸೀಟಿದ್ದರೆ ಇನ್ನೊಂದು ಕಡೆ ಏನೂ ಇಲ್ಲ. ಒಂದೇ ಸೀಟಿನ ಕಟಾಫ್ ಎಂದರೆ ಹೋದ ವರ್ಷ ಯಾರೋ ಒಬ್ಬ ವಿದ್ಯಾರ್ಥಿ ಮಾಡಿದ ತೀರ್ಮಾನ, ಅಷ್ಟೇ. ಆದ್ದರಿಂದ ಎಟುಕುವಂಥ ಕಾಲೇಜುಗಳನ್ನು ಹುಡುಕುವಾಗ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸಾಲುಗಳನ್ನು ನೋಡಿ. ಸೇಫ್ ಎಂದು ತೀರ್ಮಾನಿಸುವಾಗ ಅವುಗಳನ್ನು ಬದಿಗಿಟ್ಟು ಬರಿಯ 2ಎ ಮತ್ತು ಸಾಮಾನ್ಯ ವರ್ಗದ ಸಾಲುಗಳನ್ನು ಮಾತ್ರ ನೆಚ್ಚಿಕೊಳ್ಳಿ.

ಒಂದೇ ವರ್ಷದ ಅಂಕಿಯೂ ಸಾಲದು, ಕನಿಷ್ಠ ಮೂರು ವರ್ಷಗಳದ್ದನ್ನು ಪಕ್ಕಪಕ್ಕ ಬರೆದುಕೊಳ್ಳಿ. ದ್ವಿತೀಯ ಪಿಯುಸಿಯ ಅರ್ಧ ಮತ್ತು ಸಿಇಟಿಯ ಅರ್ಧ ಸೇರಿ ರ‍್ಯಾಂಕ್ ಆಗುವುದರಿಂದ ಯಾವುದೇ ಒಂದು ಕಡೆ ಏರುಪೇರಾದರೂ ಸಾಲು ಕದಲುತ್ತದೆ; 2024ರಲ್ಲಿ ಪಠ್ಯದಾಚೆಗಿನ ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು. ಕಂಪ್ಯೂಟರ್ ಸೈನ್ಸ್ ಸೀಟುಗಳ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ನನ್ನ ರೂಢಿಯ ಅಳತೆ ಇದು: ಕಟಾಫ್ 20,000 ಇರುವ ಕಾಲೇಜು 18,000ದ ರ‍್ಯಾಂಕಿಗೆ ಸೇಫ್ ಅಲ್ಲ, ಸಮಜೋಡಿ (ಸಿಗಲೂಬಹುದು, ತಪ್ಪಲೂಬಹುದು) ಮಾತ್ರ, ಮೂರೂ ವರ್ಷ 27,000ವನ್ನು, ಅಂದರೆ ಅವಳ ರ‍್ಯಾಂಕಿನ ಒಂದೂವರೆ ಪಟ್ಟನ್ನು ದಾಟಿದ್ದರೆ ಅದನ್ನು ಸೇಫ್ ಎನ್ನುತ್ತೇನೆ. ಅಂಥವು ಮೂರೋ ನಾಲ್ಕೋ ಇರಲಿ. ಸಮಜೋಡಿಯಂಥವು ಹತ್ತು, ಹದಿನೈದಿದ್ದರೂ ಹೆಚ್ಚಲ್ಲ. ಅಲ್ಲಿಯೇ ಸೀಟು ಸಿಗುವ ಸಂಭವ ಹೆಚ್ಚು, ಎಲ್ಲರೂ ಅವಸರದಲ್ಲಿ ತುಂಬುವುದೂ ಆ ಭಾಗವನ್ನೇ.

ಈ ಅಂಕಿಗಳನ್ನು ಹಿಡಿದು ಅವಳೊಂದಿಗೆ ಕೂರುವಾಗ ‘ಸೇಫ್’ ಎಂಬ ಪದವನ್ನು ದಯವಿಟ್ಟು ಮನೆಯಿಂದ ಆಚೆ ಬಿಡಿ. ನಿಮ್ಮ ಬಾಯಲ್ಲಿ ಅದು ಎಚ್ಚರಿಕೆ, ಅವಳ ಕಿವಿಗೆ ಅದು ‘ನಿನ್ನ ಯೋಗ್ಯತೆ ಇಷ್ಟೇ’ ಎಂಬ ತೀರ್ಪು. ಅದರ ಬದಲು ಒಂದು ಪ್ರಶ್ನೆ ಕೇಳಿ: ನಿನಗೆ ಬೇಕಾಗಿರುವುದು ಕಂಪ್ಯೂಟರ್ ಸೈನ್ಸೋ, ಬೆಂಗಳೂರೋ, ಆ ಕಾಲೇಜಿನ ಹೆಸರೋ? ಮೂರೂ ಒಟ್ಟಿಗೆ ದಕ್ಕದಿದ್ದರೆ ಮೊದಲು ಯಾವುದನ್ನು ಬಿಡುತ್ತೀ? ಶಾಖೆಯೇ ಮುಖ್ಯವೆಂದರೆ ಪಟ್ಟಿ ಮೈಸೂರು, ತುಮಕೂರು, ಹಾಸನ, ದಾವಣಗೆರೆಗಳತ್ತ ಇಳಿಯುತ್ತದೆ. ಹೆಸರೇ ಮುಖ್ಯವೆಂದರೆ ಅವೇ ದೊಡ್ಡ ಕಾಲೇಜುಗಳ ಸಿವಿಲ್, ಮೆಕ್ಯಾನಿಕಲ್ ಶಾಖೆಗಳಿವೆ. ಅವುಗಳ ಕಟಾಫ್ ಕಂಪ್ಯೂಟರ್ ಸೈನ್ಸಿನದಕ್ಕಿಂತ ಎಷ್ಟೋ ಪಟ್ಟು ಮುಂದಕ್ಕೆ ಹೋಗುತ್ತದೆ. ಬೆಂಗಳೂರು ಬೇಕು, ಖರ್ಚು ಹಿಡಿತದಲ್ಲಿರಬೇಕು ಎಂದಾದರೆ 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಕೆ.ಆರ್. ವೃತ್ತದ ಯುವಿಸಿಇ ಎಂಜಿನಿಯರಿಂಗ್ ಕಾಲೇಜನ್ನು ಅಲ್ಲಿನ ಬೇರೆ ಬೇರೆ ಶಾಖೆಗಳೊಂದಿಗೆ ನೋಡಿ. ಶುಲ್ಕವೂ ಸುರಕ್ಷತೆಯ ಒಂದು ಭಾಗವೇ. ಸಿಇಟಿ ಸೀಟೇ ಆದರೂ ಸರ್ಕಾರಿ ಕಾಲೇಜಿಗೆ ಒಂದು ಶುಲ್ಕ, ಖಾಸಗಿ ಕಾಲೇಜಿಗೆ ಇನ್ನೊಂದು, ಖಾಸಗಿ ವಿಶ್ವವಿದ್ಯಾಲಯಕ್ಕೆ ಮತ್ತೊಂದು. ನಿಮ್ಮ ಸಂಬಳ ತಾಳಲಾರದ ಕಾಲೇಜನ್ನು ಕಟಾಫ್ ಎಷ್ಟೇ ಸಲೀಸಾಗಿದ್ದರೂ ಸೇಫ್ ಎಂದು ಬರೆಯಬೇಡಿ, ಮತ್ತು ಆ ಲೆಕ್ಕವನ್ನು ಅವಳಿಂದ ಮುಚ್ಚಿಡಬೇಡಿ.

ಸಾಧ್ಯವಾದರೆ ಒಂದು ಕೆಲಸದ ದಿನ ಅವಳನ್ನು ಕರೆದುಕೊಂಡು ಹೊರಡಿ. ನೀವಿರುವುದು ಜಂಕ್ಷನ್ನಿನ ಮಗ್ಗುಲಲ್ಲಿ. ಒಂದು ಹಳಿ ಹಾಸನಕ್ಕೆ ಹೋಗುತ್ತದೆ, ಇನ್ನೊಂದು ತುಮಕೂರಿನ ಮೇಲೆ ಬೆಂಗಳೂರಿಗೆ. ಹಾಸನದ ಮಲೆನಾಡು ಕಾಲೇಜು 1960ರದ್ದು, ತುಮಕೂರಿನ ಸಿದ್ಧಗಂಗಾ ಕಾಲೇಜು 1963ರದ್ದು; ಇವೆರಡರ ಬೆನ್ನಿಗೆ ಅರ್ಧ ಶತಮಾನಕ್ಕೂ ಮಿಕ್ಕಿದ ಹಳೆಯ ವಿದ್ಯಾರ್ಥಿಗಳ ಬಳಗವಿದೆ. ಅಲ್ಲಿ ಕಚೇರಿಯವರನ್ನು ಮಾತನಾಡಿಸುವುದಕ್ಕಿಂತ ಕ್ಯಾಂಟೀನಿನಲ್ಲಿ ಕೂತ ಮೂರನೆಯ ವರ್ಷದ ಹುಡುಗಿಯರನ್ನು ಮಾತನಾಡಿಸುವುದು ಮೇಲು. ಮಾತು ಮಗಳೇ ಆಡಲಿ, ನೀವು ತುಸು ದೂರದಲ್ಲಿ ಕಾಫಿ ಕುಡಿಯುತ್ತಿರಿ. ಪ್ರಯೋಗಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಪಾಠ ಮಾಡುವವರು ಸೆಮಿಸ್ಟರ್‌ನ ನಡುವೆ ಬದಲಾಗುತ್ತಾರೆಯೇ, ಕಂಪನಿಗಳು ಬಂದಾಗ ಯಾವ ಯಾವ ಶಾಖೆಯವರನ್ನು ಕೂರಿಸುತ್ತಾರೆ ಎಂಬುದೆಲ್ಲ ಅಲ್ಲಿಯೇ ತಿಳಿಯುವುದು. ನೋಡಿಬಂದ ಮೇಲೂ ಒಂದು ಕಾಲೇಜು ಬೇಡವೆಂದರೆ ಅದನ್ನು ಬಿಟ್ಟುಬಿಡಿ, ಅಷ್ಟೇ ಸುಲಭದ ಬೇರೊಂದನ್ನು ಅವಳೇ ಹುಡುಕಲಿ.

ಭಾವಮೈದನ ಸಲಹೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಿಇಟಿಯ ಒಂದು ಸುತ್ತೂ ಮುಗಿಯದೆ ಮುಂಗಡ ಕೊಡುವುದು ಭಯಕ್ಕೆ ತೆರುವ ಬೆಲೆ. ಆ ಹಣ ಹಿಂದಕ್ಕೆ ಬರುವ ಷರತ್ತನ್ನು ಬರಹದಲ್ಲಿ ಕೊಡುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡಲಿ, ಉಳಿದದ್ದು ತಾನೇ ಅರ್ಥವಾಗುತ್ತದೆ.

ನಿಮ್ಮ ಮನೆಯ ಜಗಳವನ್ನು ನನಗಿಂತ ಚೆನ್ನಾಗಿ ಬಿಡಿಸುವುದು ನಿಜವಾದ ಹಂಚಿಕೆಗೆ ಮುನ್ನ ಪ್ರಾಧಿಕಾರ ನಡೆಸುವ ಅಣಕು ಹಂಚಿಕೆ. ಅವಳು ತನ್ನ ಒಂಬತ್ತನ್ನೇ ಇಟ್ಟುಕೊಂಡು ಅದಕ್ಕೆ ಕಾಯುತ್ತೇನೆಂದರೆ ಕಾಯಲಿ, ಏಕೆಂದರೆ ಆ ಫಲಿತಾಂಶದ ನಂತರವೂ ಪಟ್ಟಿಯನ್ನು ತಿದ್ದಲು ಅವಕಾಶವಿರುತ್ತದೆ. ಏನೂ ಸಿಗದೆ ಪರದೆ ಖಾಲಿಯಾಗಿ ಕಂಡರೆ ‘ನಾನು ಹೇಳಿರಲಿಲ್ಲವೇ’ ಎಂಬ ಮಾತು ನಿಮ್ಮ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಂಡು ಮೂರು ವರ್ಷದ ಕಟಾಫ್ ಬರೆದ ಹಾಳೆಯನ್ನು ಮೇಜಿನ ಮೇಲಿಡಿ. ಒಂದು ವೇಳೆ ಏನಾದರೂ ಸಿಕ್ಕರೆ, ಅದು ನಿಜವಾದ ಹಂಚಿಕೆಯಲ್ಲವೆಂದು ಅವಳಿಗೆ ನೆನಪಿಸಿ; ಉಳಿದವರೂ ಆಮೇಲೆ ತಮ್ಮ ಪಟ್ಟಿ ಬದಲಿಸುತ್ತಾರೆ. ಕೊನೆಯ ದಿನ ಒಟಿಪಿ ನಿಮ್ಮ ಮೊಬೈಲಿಗೆ ಬಂದಾಗ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿ, ಟೈಪು ಮಾಡುವುದು ಅವಳಿಗಿರಲಿ.