ಕಿಟ್ ನೆಗೆಟಿವ್ ಬಂದರೆ ಸಾಕೇ?

ಪ್ರಶ್ನೆ: ಬೀದರ್‌ನ ನಮ್ಮ ನಾಯಿ ಆಶ್ರಯಕ್ಕೆ ಬಂದ, ಮೈತುಂಬ ಉಣ್ಣೆ ಹತ್ತಿದ ನಾಯಿಗೆ ಎರ್ಲಿಕಿಯಾ (ಉಣ್ಣೆಯಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು) ಪತ್ತೆ ಕಿಟ್ ನೆಗೆಟಿವ್ ತೋರಿಸಿದೆ. ಉಳಿದವುಗಳ ಜೊತೆ ಬಿಡಬಹುದೇ ಸರ್?

ಉತ್ತರ: ಈಗಲೇ ಬೇಡ. ಕಿಟ್ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಸೋಂಕಿನ ಮೊದಲ ಎರಡು-ಮೂರು ವಾರ ಅದು ಕಾಣದಿರಬಹುದು. ಗುಣವಾದ ನಾಯಿಯಲ್ಲೂ ತಿಂಗಳುಗಟ್ಟಲೆ ಪಾಸಿಟಿವ್ ಉಳಿಯುತ್ತದೆ, ಅದು ಬೇರೆ ತಲೆನೋವು. ಉಣ್ಣೆಗೆ ಔಷಧಿ ಕೊಟ್ಟು ಪ್ರತ್ಯೇಕವಾಗಿಡಿ, ನಾಲ್ಕು ವಾರಕ್ಕೆ ಮತ್ತೆ ಪರೀಕ್ಷಿಸಿ. ಗೋಡೆ ಬಿರುಕಿನ ಉಣ್ಣೆಗಳನ್ನು ಹಾಗೇ ಬಿಟ್ಟರೆ ಎಲ್ಲವೂ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತೆ.

ಇವತ್ತೇ ಡಾಕ್ಟರಿಂದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ 2 ಎಂಎಲ್ ರಕ್ತ ತೆಗೆಸಿ, ಕೂಡಲೇ ಎಂಟತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ. ಹೆಪ್ಪುಗಟ್ಟಿದರೆ, ಎರ್ಲಿಕಿಯಾದಲ್ಲಿ ಇಳಿಯುವ ಪ್ಲೇಟ್‌ಲೆಟ್‌ಗಳ ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ. ಕಿವಿಯಂಚು ಚುಚ್ಚಿದ ಹನಿಯಿಂದ ತೆಳುವಾಗಿ ಸ್ಲೈಡ್ ಎಳೆಸಿ. ಉಣ್ಣೆಯಿಂದಲೇ ಬರುವ ಇನ್ನೊಂದು ರಕ್ತಪರಾವಲಂಬಿ ಬಬೇಸಿಯಾ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಸ್ಲೈಡಲ್ಲಿ ಏನೂ ಕಾಣದೆ ಪ್ಲೇಟ್‌ಲೆಟ್ ಕುಸಿದಿದ್ದರೆ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ.